ಹತ್ತರವರೆಗೆ ಎಣಿಕೆ

ಜಾರ್ಜಿಯಾದ ಕುತೈಸಿ, ಒಂದು ಓಣಿ, ರಾತ್ರಿ ಮೂರು.
ಹಿಟ್ಟು ನಾದಿಟ್ಟು, ಒದ್ದೆ ಬಟ್ಟೆ ಹೊದಿಸಿ,
ಅದು ಉಬ್ಬುವ ತನಕ ಬೇರೆ ಕೆಲಸವಿಲ್ಲದೆ
ರೊಟ್ಟಿ ಸುಡುವ ಜುಂಬೆರ್ ದ್ವೀಪಕ್ಕೆ ಹೋಗುತ್ತಾನೆ.

ಕೆಲಸದ ಹುಡುಗ ಬಿಟ್ಟುಹೋದ ಕಂಪ್ಯೂಟರು,
ಕೀಲಿಮಣೆಯ ಸಂದಿಯಲ್ಲೆಲ್ಲ ಹಿಟ್ಟು.
ಮೊದಲ ದಿನ ಯಾವುದೋ ತಪ್ಪು ಗುಂಡಿ ಒತ್ತಿ
ಬ್ರೆಜಿಲಿನವರ ಗುಂಪಿಗೆ ಬಿದ್ದ. ಹೊರಬರುವ ದಾರಿ
ಗೊತ್ತಾಗಲಿಲ್ಲ. ಗೊತ್ತಾಗುವ ಹೊತ್ತಿಗೆ ಮನಸ್ಸಿರಲಿಲ್ಲ.

ಕಿವಿಗೆ ಬಿದ್ದ ಮೊದಲ ಪೋರ್ಚುಗೀಸ್ ಮಾತು: ಅತ್ರಾಶ್!
ಅರ್ಥ ಹೇಳಿಕೊಟ್ಟದ್ದು ಬೆನ್ನಿಗೆ ಎರಗಿದ ತೋಳ.
ಲೆನ್ಯಾ ಅಂದರೆ ಸೌದೆ, ಫೋಗು ಅಂದರೆ ಬೆಂಕಿ,
ಅವೆರಡನ್ನು ಯಾರೂ ಅವನಿಗೆ ಎರಡು ಸಲ ಹೇಳಬೇಕಾಗಲಿಲ್ಲ.
ಇಶ್ಪೆರಾ, ತಾಳು. ವೇಂ, ಬಾ. ಮಿ ದಾ, ಕೊಡು.
ಬಿದ್ದವನ ಪಕ್ಕ ಕೂತು ಗುಂಡಿ ಒತ್ತಿ ಹಿಡಿದು
ಉಂ, ದೊಯ್ಶ್, ತ್ರೇಶ್ ಎಂದು ಹತ್ತರವರೆಗೆ ಎಣಿಸಿದರೆ
ಬಿದ್ದವನು ಮಣ್ಣು ಕೊಡವಿ ಏಳುತ್ತಾನೆ.
ಅಂಕಿಗಳನ್ನು ಹಾಗೆ ಕಲಿತ, ಒಬ್ಬೊಬ್ಬರನ್ನೇ ಎಬ್ಬಿಸುತ್ತ.

ಕಲಿಸಿದವನು ಬೆಲೇಂ ಬಂದರಿನ ಎದಿವಾಲ್ದು,
ಹಗಲು ಮಂಜುಗಡ್ಡೆ ತೂಗುವವನು; ಅಲ್ಲೀಗ ಸಂಜೆ ಎಂಟು.
ಪದದ ತುದಿಗೆ ಬಂದ ಸಕಾರವೆಲ್ಲ ಅವನ ಬಾಯಲ್ಲಿ ಶಕಾರ,
ಹಾಗಾಗಿ ಜುಂಬೆರನ ಬಾಯಲ್ಲೂ.
ಒಮ್ಮೆ ಸಾವೊ ಪಾವ್ಲೊದ ಪ್ರವಾಸಿ ಹೆಂಗಸು ಬಿಸಿ ರೊಟ್ಟಿ ಕೊಂಡಳು.
ಕೈ ಚಾಚಿ 'ಮಿ ದಾ!' ಎಂದು ಗದರಿದ.
'ಅಯ್ಯೋ, ದೋಣಿಯವರ ಹಾಗೆ ಆಡುತ್ತೀರಲ್ಲ, ಎಲ್ಲಿ ಕಲಿತಿರಿ?'
'ದ್ವೀಪದಲ್ಲಿ' ಎಂದ. ಇನ್ನೇನು ಹೇಳುವುದು.

ಅವನ ವ್ಯಾಕರಣ ಅರ್ಧಕ್ಕೆ ನಿಂತ ಮನೆ.
ಆಜ್ಞೆ ಉಂಟು, ವಿನಂತಿ ಇಲ್ಲ.
ಭೂತಕಾಲವಂತೂ ದ್ವೀಪದಲ್ಲಿ ಯಾರಿಗೂ ಬೇಕಾಗಿರಲಿಲ್ಲ:
ಯಾರೂ ಎಬ್ಬಿಸದೆ ಸತ್ತವರೂ
ಎಂಟು ಸೆಕೆಂಡಿಗೆ ದಡದಲ್ಲಿ ಹುಟ್ಟುತ್ತಾರೆ,
ಕೊಡಲಿ ಸಮೇತ.

ಫೆಬ್ರವರಿಯ ಒಂದು ರಾತ್ರಿ ಎದಿವಾಲ್ದು ಬಂದ, ನಡೆಯಲಿಲ್ಲ.
ಅವನ ಬೊಂಬೆ ನಿಂತೇ ಇತ್ತು, ಮೊಣಕಾಲವರೆಗೆ ನೀರು.
ಎಷ್ಟೋ ಹೊತ್ತಿನ ಮೇಲೆ ದನಿ: ಮಮೈಂ ಮೊಹೆವ್.

ಇಲ್ಲೊಂದು ಮಾತು ಹೇಳಿಬಿಡಬೇಕು. ಜಾರ್ಜಿಯನ್ನಿನಲ್ಲಿ
ಮಾಮ ಅಂದರೆ ಅಪ್ಪ. ಅಮ್ಮನಿಗೆ ದೇದ ಅನ್ನುತ್ತಾರೆ.
(ನಮ್ಮಲ್ಲಿ ಆತ ಅಮ್ಮನ ತಮ್ಮ. ಎರಡೇ ಅಕ್ಷರ, ಪಾಪ,
ಊರೂರಿಗೆ ಯಾರ್ಯಾರನ್ನೋ ಹೊರುತ್ತವೆ.)
ಎರಡನೆಯ ಪದ ಜುಂಬೆರನಿಗೆ ಹೊಸದು.
ಅದನ್ನು ಹೇಳಿದ ಉಸಿರು ಹೊಸದಾಗಿರಲಿಲ್ಲ.
ಅಪ್ಪ ಹೋದ ಎಂದುಕೊಂಡ. ತನ್ನಪ್ಪ ನೆನಪಾದ,
ಇದೇ ಒಲೆಯ ಬಾಯಿಗೆ ಬಗ್ಗಿ ಬಗ್ಗಿ ಹುಬ್ಬು ಸುಟ್ಟುಕೊಂಡವನು.
ಏನಾದರೂ ಹೇಳಬೇಕಿತ್ತು. ಚೀಲ ತಡಕಿದರೆ
ಇದ್ದದ್ದೇ ನಾಲ್ಕು ಮಾತು:
ತಾಳು. ಅಲ್ಲೇ ಇರು. ಬರುತ್ತೇನೆ.
ಹೊರೆ ನನಗೆ ಕೊಡು.

ದ್ವೀಪದ ಆ ತುದಿಯಿಂದ ಸೌದೆ ಎಸೆದು ಓಡಿ ಬಂದ.
ನೀರಲ್ಲೇ ಪಕ್ಕಕ್ಕೆ ಕೂತು ಗುಂಡಿ ಒತ್ತಿ ಹಿಡಿದ.
ಇವನು ಬಿದ್ದಿಲ್ಲ, ಎಂದಿತು ಯಂತ್ರ.
ಯಂತ್ರಕ್ಕೇನು ಗೊತ್ತು. ಎಣಿಸಿದ.
ಉಂ. ದೊಯ್ಶ್. ತ್ರೇಶ್.
ಏಳಕ್ಕೆ ಬರುವಾಗ ಆಚೆ ಮೂಗೊರೆಸಿಕೊಂಡ ಸದ್ದು.
ಹತ್ತಾಯಿತು. ಮತ್ತೆ ಒಂದರಿಂದ.
ಬೆನ್ನ ಹಿಂದೆ ಹಿಟ್ಟು ಬಟ್ಟೆಯನ್ನೂ ಎತ್ತಿಕೊಂಡು
ಪಾತ್ರೆಯಂಚು ದಾಟಿ ಇಳಿಯುತ್ತಿತ್ತು.

ಆ ಬೆಳಿಗ್ಗೆ ರೊಟ್ಟಿ ಹುಳಿ ಎಂದು ಓಣಿಯೆಲ್ಲ ಬೈಯಿತು.

ಹೋದದ್ದು ಅಪ್ಪನಲ್ಲ, ಅಮ್ಮ ಎಂದು ವಾರದ ಮೇಲೆ ತಿಳಿಯಿತು.
ಎದಿವಾಲ್ದು ನಕ್ಕ, ಕೆಮ್ಮಿನಂಥ ಒಂದು ನಗು.
ತಪ್ಪಾಯಿತು ಅನ್ನುವುದಕ್ಕೆ ಜುಂಬೆರನಿಗೆ ಇನ್ನೂ ಪದ ಬಾರದು.
ಎರಡು ಕಂತೆ ಸೌದೆ ಕಡಿದು ತಂದು
ಅವನ ಗುಡಿಸಲ ಮುಂದಿಟ್ಟು
ಒಲೆ ಹಚ್ಚಲು ಎದ್ದ.