ಐವತ್ತೆರಡು ಸಾಲದು

ಗವ್ರೀಲ್ ಮೇಷ್ಟ್ರು ತೀರಿಕೊಂಡಾಗ ಹೊರಗೆ
ಸೊನ್ನೆಗಿಂತ ಐವತ್ತೆರಡು ಕೆಳಗೆ.
ಲೇನಾ ನದಿಯ ಮೇಲೆ ಮಂಜು ಕೂತು
ಐದು ದಿನ ವಿಮಾನವಿಲ್ಲ.

ಮಾಸ್ಕೋದ ಕಂಪನಿಗೆ ಹನ್ನೊಂದು ವರ್ಷ ಕಂತು ಕಟ್ಟಿದ್ದರು,
ತಲೆಗೆ ಮಾತ್ರ. ಇಡೀ ಮೈಗೆ ರೇಟು ಜಾಸ್ತಿ.
'ಎಬ್ಬಿಸುವವರು ಹೊಸ ಮೈ ಕೊಡುತ್ತಾರೆ,
ಈ ಮಂಡಿನೋವನ್ನು ಅಲ್ಲಿಗೂ ಯಾಕೆ ಹೊರಲಿ'
ಎನ್ನುತ್ತಿದ್ದರು ನನ್ನ ಮುಂದೆ,
ಗುಂಡಿ ತೋಡುವವನ ಮುಂದೆ, ನಗದೆ.

ಉಗ್ರಾಣದಲ್ಲಿ ಮಲಗಿಸಿದೆವು,
ಕುದುರೆ ಮಾಂಸದ ಪಕ್ಕ,
ತಟ್ಟೆಯಾಕಾರಕ್ಕೆ ಕಲ್ಲಾದ ಹಾಲಿನ ಬಿಲ್ಲೆಗಳ ಪಕ್ಕ.
ಫೋನಿನಲ್ಲಿ ಕಂಪನಿಯ ಹುಡುಗಿ:
'ಅಷ್ಟು ಚಳಿ ಸಾಲದು, ನೂರ ತೊಂಬತ್ತಾರು ಬೇಕು.
ಮೆಲ್ಲಗೆ ಗಟ್ಟಿಯಾದರೆ ನೀರು ಸೂಜಿಯಾಗಿ
ಒಳಗಿಂದೊಳಗೇ ಹರಿಯುತ್ತದೆ.'
ನೀರು ಹರಿಯುವುದು ಗೊತ್ತಿತ್ತು.
ಹೀಗೂ ಹರಿಯುವುದು ಗೊತ್ತಿರಲಿಲ್ಲ.
'ಸಾಲದಂತೆ' ಎಂದಳು ಹೆಂಡತಿ ಒಗ್ದೂ, ಕಿಟಕಿಯತ್ತ ತಿರುಗಿ.
'ನಮಗೆ ಎಪ್ಪತ್ತು ವರ್ಷಕ್ಕೆ ಸಾಕುಸಾಕಾಗಿತ್ತು.'

ಆ ಸಂಜೆ ಸಾರಿಗೆಂದು ಒಂದು ಮೀನನ್ನು
ಬಕೆಟ್ಟಿನ ನೀರಿಗೆ ಹಾಕಿದಳು.
ಬೆಳಿಗ್ಗೆ ಕೆರೆಯಿಂದ ಎಳೆದದ್ದು, ಸೌದೆಯ ಹಾಗೆ ಸೆಟೆದದ್ದು.
ಅರ್ಧ ಗಂಟೆಗೆ ಕಿವಿರು ಒಮ್ಮೆ ಬಿರಿಯಿತು.
ಬಾಲ ತಗಡಿಗೆ ಬಡಿಯಿತು.
ಇಬ್ಬರೂ ಉಗ್ರಾಣದ ಬಾಗಿಲು ನೋಡಿದೆವು.
ನೋಡಲಿಲ್ಲ ಎಂದು ಆಮೇಲೆ ಇಬ್ಬರೂ ಹೇಳಿದೆವು.

ಮಲಗುವ ಮುಂಚೆ ಹಾಲಿಗೆ ಹೆಪ್ಪು ಹಾಕುತ್ತ ಕೇಳಿದಳು:
'ಹೆಪ್ಪಾದದ್ದು ಮತ್ತೆ ಹಾಲಾದದ್ದುಂಟೇನೋ?'
ಮೀನು ತಿರುಗುತ್ತಲೇ ಇತ್ತು.
ಯಾರೂ ಅದನ್ನು ಬೇಯಿಸಲಿಲ್ಲ.
ಬೆಳಗಾಗುವಷ್ಟರಲ್ಲಿ ಅದೂ ಸತ್ತಿತ್ತು.

ನಮ್ಮಲ್ಲಿ ಹೂಳಬೇಕಾದರೆ ಮೊದಲು ನೆಲಕ್ಕೆ ಬೆಂಕಿ ಹಾಕಬೇಕು.
ಎರಡು ಹಗಲು, ಎರಡು ರಾತ್ರಿ
ಲಾರ್ಚ್ ದಿಮ್ಮಿ ಉರಿಸಿ, ಗೇಣು ಕರಗಿದರೆ ಗೇಣು ಅಗೆದು,
ಮತ್ತೆ ಬೆಂಕಿ.
ಅವಳು ಬಂದು ಅಂಚಿನಲ್ಲಿ ಕೂತು
ಗಂಡನ ಗುಂಡಿಯ ಬಿಸಿಗೆ ಕೈ ಕಾಯಿಸಿಕೊಂಡಳು.
ಕೆಳಗೆ ನನ್ನಜ್ಜ ಹೂತವರೂ ಹಾಗೇ ಇದ್ದಾರೆ,
ರೆಪ್ಪೆಗೂದಲ ಸಮೇತ, ಒಂದು ಕಂತೂ ಕಟ್ಟದೆ.
ಎಬ್ಬಿಸಲು ಇನ್ನೂ ಯಾರೂ ಬಂದಿಲ್ಲ.
ಬಂದರೆ, ಮೊದಲು ಮೇಷ್ಟ್ರನ್ನು ಎಬ್ಬಿಸಲಿ.
ಉಳಿದವರಿಗೆ ಅವರು ಬಿಡಿಸಿ ಹೇಳುತ್ತಾರೆ.

ಮಣ್ಣು ಮುಚ್ಚಿದ ಮರುದಿನ ವಿಮಾನ ಬಂತು.
ಹಂಡೆಯಷ್ಟು ದೊಡ್ಡ ಉಕ್ಕಿನ ಪಾತ್ರೆ, ಮುಚ್ಚಳದ ಸಂದಿಯಲ್ಲಿ ಬಿಳಿ ಹೊಗೆ.
ಅದನ್ನು ತಂದ ಹುಡುಗನ ಕಾಲಿಗೆ ತೆಳು ಬೂಟು,
ತಲೆಗೆ ಏನೂ ಇಲ್ಲ.
'ಕರಾರು ರದ್ದು, ಇಲ್ಲಿ ಒಂದು ಸಹಿ' ಎಂದ.
ಪೆನ್ನು ಬರೆಯಲಿಲ್ಲ. ಶಾಯಿ ಸತ್ತುಹೋಗಿತ್ತು.

ಒಗ್ದೂ ಅದನ್ನು ಕಿತ್ತುಕೊಂಡು
ಮೂರು ಪದರ ಬಟ್ಟೆಯೊಳಗೆ, ಕಂಕುಳಲ್ಲಿ ಇಟ್ಟುಕೊಂಡು
ನಿಂತಳು. ನಾವೂ ನಿಂತೆವು.
ಸ್ವಲ್ಪ ಹೊತ್ತಿಗೆ ತೆಗೆದು ಬರೆದಳು, ನೀಲಿ, ಇಡೀ ಹೆಸರು.

ಕಾಗದ ಕೊಡುತ್ತ ಹೇಳಿದಳು:
'ಟೋಪಿ ಹಾಕ್ಕೊಳ್ಳೋ ಮಗಾ.
ತಲೆಯಾದರೂ ಉಳಿಯಲಿ.'