ಬುಧವಾರದ ಲೋಟಗಳು

ಲೆಕ್ಕ ಬೇಕಿದ್ದರೆ ನನ್ನನ್ನು ಕೇಳಿ.
ಫೆಸ್ಟಸ್ ಗ್ಯಾನನ್ನನ ಪಬ್ಬಿನಲ್ಲಿ
ಏಳು ವರ್ಷದಿಂದ ಲೋಟ ತೊಳೆಯುವವಳು ನಾನು.
ಇವತ್ತು ಯಾವ ವಾರವೆಂದು ಸಿಂಕೇ ಹೇಳುತ್ತದೆ.

ಶನಿವಾರ ಇನ್ನೂರ ಹದಿನಾಲ್ಕು.
ಅಂಚಿಗೆ ತುಟಿಯ ಬಣ್ಣ, ತಳದಲ್ಲಿ ನಿಂಬೆ ಹೋಳು,
ಒಂದರೊಳಗೆ ಯಾರದೋ ಕಿವಿಯೋಲೆ.
ಬ್ಯಾಂಡಿನ ಹುಡುಗರು ಕ್ಯಾಸಲ್‌ಬಾರ್‌ನಿಂದ ವ್ಯಾನಿನಲ್ಲಿ ಬರುತ್ತಾರೆ
ಆಳೆತ್ತರದ ಸ್ಪೀಕರು ಹೊತ್ತು.
ಎಲ್ಲರಿಗೂ ಬಾಯಿಪಾಠವಾದ ಹಾಡು;
ಹಾಡುವವನಿಗಿಂತ ಮೊದಲೇ ಜನ ಪಲ್ಲವಿಗೆ ಹಾರುತ್ತಾರೆ.
ಗೋಡೆ ಅದುರಿ ಸಿಂಕಿನ ನೀರಲ್ಲಿ ಉಂಗುರ ಏಳುತ್ತದೆ.
ನಾನೂ ಹಾಡುತ್ತೇನೆ, ಸುಳ್ಳೇಕೆ,
ಮೊಣಕೈವರೆಗೆ ನೊರೆ.

ಬುಧವಾರ ಒಂಬತ್ತು.
ಮೂಲೆಯಲ್ಲಿ ಐವರು, ಮಂಡಿಗೆ ಮಂಡಿ ತಾಗಿಸಿ,
ನಮಗೆ ಬೆನ್ನು ಹಾಕಿ,
ಚಳಿ ಕಾಯಿಸುವವರು ಬೆಂಕಿಗಷ್ಟೇ ಮುಖ ಕೊಟ್ಟ ಹಾಗೆ.
ಅಟ್ರಾಕ್ಟಾಳ ಕಾನ್ಸರ್ಟಿನಾ, ಅಂಚೆಯ ಕೋಲ್ಮನ್ನನ ಕೊಳಲು,
ಎರಡು ಪಿಟೀಲು, ಮೇಕೆ ಚರ್ಮದ ಒಂದು ಬೌರಾನ್;
ತುಸು ಮೆಲ್ಲಗೆ ಬಡಿ ಎಂದು ಉಳಿದವರ ಹುಬ್ಬು ಅದನ್ನು ಗದರುತ್ತದೆ.
ಒಂದು ಕರಿ ಬಿಯರು ಮೂರು ಗಂಟೆ ಬಾಳುತ್ತದೆ.
ಗುಟುಕಿಗೊಂದು ಬಿಳಿ ಬಳೆ ಲೋಟದ ಒಳಮೈಗೆ.
ಅಟ್ರಾಕ್ಟಾಳದ್ದು ಎಣಿಸಿದ್ದೇನೆ, ಹನ್ನೊಂದು.
ಎರಡು ಬಳೆಯ ನಡುವೆ ಮೂರು ರೀಲು, ಇಲ್ಲವೇ ಎರಡು ಜಿಗ್ಗು.

ಪ್ರವಾಸಿಯೊಬ್ಬ ಬಾಗಿ ಕೇಳಿದ: “ಇದರ ಹೆಸರೇನು?”
“ಗೊತ್ತಿಲ್ಲ. ಸೋದರತ್ತೆ ಹಾಲು ಕರೆಯುವಾಗ ಗುನುಗುತ್ತಿದ್ದಳು.”
“ಗೊತ್ತಿರೋದು ಒಂದು ನುಡಿಸಿ.”
“ಗೊತ್ತಿರೋದೇ ಇದು.”

ಈ ಬುಧವಾರ ಫೆಸ್ಟಸ್ ತೀರ್ಮಾನಿಸಿದ್ದ.
ಕರೆಂಟು ಬಿಲ್ಲನ್ನು ಮಡಚಿ ಜೇಬಿಗಿಟ್ಟು
ಹೇಳಿಬಿಡಲು ಹೊರಟ: ಮುಂದಿನ ವಾರದಿಂದ ಕರೋಕೆ.
ಒಂದು ಮುಗಿಯಲೆಂದು ನಿಂತ.
ಮುಗಿಯಿತೆನ್ನುವಷ್ಟರಲ್ಲಿ ಅದರ ಬಾಲ ಹಿಡಿದು ಇನ್ನೊಂದು ಎದ್ದಿತು,
ಅದರ ಬೆನ್ನಿಗೆ ಮತ್ತೊಂದು.
ಮಾತು ತೂರಿಸಲು ಸೂಜಿಮೊನೆಯಷ್ಟು ಸಂದಿಲ್ಲ.
ಬಾಯಿ ತೆರೆದ, ಮುಚ್ಚಿದ.
ಒರೆಸುವ ಬಟ್ಟೆ ಈ ಹೆಗಲಿಂದ ಆ ಹೆಗಲಿಗೆ ಹೋಯಿತು.
ನಾನು ನೋಡಿದ್ದು ಅವನ ಬಲಗಾಲ ಬೂಟು:
ಮೊದಲು ತುದಿ, ಆಮೇಲೆ ಹಿಮ್ಮಡಿ,
ಧಣಿಗೆ ಹೇಳದೆ ಕೆಲಸಕ್ಕಿಳಿದ ಆಳಿನ ಹಾಗೆ.

ಕೊನೆಗೂ ನಿಂತಾಗ, ಕೊಳಲಿನ ಎಂಜಲು ಕೊಡವುತ್ತ ಕೋಲ್ಮನ್:
“ಏನೋ ಹೇಳಬೇಕಿತ್ತಾ, ಫೆಸ್ಟಸ್?”
“ಬೆಂಕಿಗೆ ಇನ್ನೊಂದು ಹೆಂಟೆ ಹಾಕಲಾ ಅಂತ.”

ರಾತ್ರಿ ಸಿಂಕಿಗೆ ಬಂದದ್ದು ಹತ್ತು ಲೋಟ.
ಹತ್ತನೆಯದಕ್ಕೆ ಬಳೆಯೇ ಇಲ್ಲ,
ಒಂದೇ ಉಸಿರಿಗೆ ಇಳಿಸಿದವರದ್ದು.
ಬಿಲ್ಲು ಅವನ ಜೇಬಿನಲ್ಲೇ ಇದೆ.
ಒರೆಸುವ ಬಟ್ಟೆ ಎಲ್ಲಿ ಬಿಟ್ಟನೋ,
ಇನ್ನೂ ಹುಡುಕುತ್ತಿದ್ದೇನೆ.