ಇಳಿಯೋರು ಯಾರ್ರೀ

ಹತ್ತೊಂಬತ್ತು ವರ್ಷ ಕೂಗಿದ್ದೇನೆ ಈ ಹೆಸರನ್ನು.
ವಿಲ್ಸನ್ ಗಾರ್ಡನ್, ಲಕ್ಕಸಂದ್ರ, ನಿಮ್ಹಾನ್ಸ್,
ಆಮೇಲೆ ಉಸಿರು ಬಿಡದೆ
ಕಿದ್ವಾಯಿ, ಕಿದ್ವಾಯಿ, ಇಳಿಯೋರು ಯಾರ್ರೀ, ಬೇಗ ಬೇಗ.
ಇಳಿಯುವವರು ಬೇಗ ಇಳಿಯುತ್ತಿರಲಿಲ್ಲ.
ಫೈಲು ಎದೆಗವಚಿ, ಒಂದೊಂದೇ ಮೆಟ್ಟಿಲು.
ಹಿಂದಿನಿಂದ ಹಾರನ್ನು, ಮುಂದಿನಿಂದ ಚನ್ನವೀರಯ್ಯನ ಗೊಣಗು,
ನಾನು ಬಾಗಿಲಿಗೆ ಎರಡೇಟು ಬಡಿದು
ರೈಟ್ ಅಂದುಬಿಡುತ್ತಿದ್ದೆ.

ಹೋದ ಮಂಗಳವಾರ ನಾನೇ ಇಳಿದೆ.
ಕೂಗಿದವಳು ಹೊಸ ಹುಡುಗಿ, ಗುರುತಿರಲಿಲ್ಲ.
ಬೇಗ ಬೇಗ ಅಂದಳು.
ಸರಿಯಾಗೇ ಅಂದಳು.

ಗಂಟು ಎಡಗಡೆ, ಬ್ಯಾಗಿನ ಪಟ್ಟಿ ಉಜ್ಜುವ ಜಾಗದಲ್ಲಿ.
ಪಟ್ಟಿಯದೇ ಕಾಟ ಅಂದುಕೊಂಡು
ಬಲ ಹೆಗಲಿಗೆ ಬದಲಾಯಿಸಿಕೊಂಡಿದ್ದೆ, ಮೂರು ತಿಂಗಳು.
ಡಾಕ್ಟರು ಚೀಟಿಯ ಮೇಲೆ ಒಂದು ಸೊನ್ನೆ ಬರೆದು
ಒಳಗೆ ಚುಕ್ಕಿ ಇಟ್ಟರು.
ಎರಡು ಪಾಯಿಂಟ್ ಏಳು ಸೆಂಟಿಮೀಟರು.
ಹತ್ತು ರೂಪಾಯಿ ನಾಣ್ಯ, ಅಂದೆ ಮನಸ್ಸಲ್ಲೇ.
ಕೊಟ್ಟರೆ ಯಾರೂ ತಗೊಳ್ಳದ್ದು.

ಕೌನ್ಸೆಲಿಂಗಿನ ಮೇಡಂ ಒಳ್ಳೆಯವರು.
ಇದೊಂದು ಪ್ರಯಾಣ ಅಂದುಕೊಳ್ಳಿ ಅಂದರು.
ನಗು ಬಂತು.
ಪ್ರಯಾಣವಾದರೆ ಸ್ಟೇಜು ಇರಬೇಕಲ್ಲ ಮೇಡಂ,
ಎಲ್ಲಿಂದ ಎಲ್ಲಿಗೆ ಅಂತ ಕೇಳದೆ
ಯಾರಿಗೂ ಟಿಕೆಟ್ ಕೊಟ್ಟವಳಲ್ಲ ನಾನು.
ಸ್ಟೇಜು ಇದೆಯಲ್ಲ, ಎರಡನೆಯದು, ಅಂದರು ಅವರು.
ಇಬ್ಬರೂ ನಕ್ಕೆವು.
ಆಮೇಲೆ ಒಬ್ಬಳೇ ಅತ್ತೆ,
ಕೆಳಗೆ ಝೆರಾಕ್ಸ್ ಅಂಗಡಿಯ ಸಾಲಿನಲ್ಲಿ,
ಆಧಾರ್ ಕಾರ್ಡಿನ ಎರಡೂ ಬದಿ ಮಾಡಿಸುವಾಗ.

ಡಿಪೋದಲ್ಲಿ ರಜೆ ಅರ್ಜಿ. ಕಾರಣ: ಅನಾರೋಗ್ಯ.
ಬಿಡಿಸಿ ಬರೀರಿ ಅಂದ ಗುಮಾಸ್ತ.
ಬಿಡಿಸಿ ಬರೆದೆ.
ಪೆನ್ನಿನ ಮುಚ್ಚಳ ಹಾಕಿದ, ತೆಗೆದ, ಮತ್ತೆ ಹಾಕಿದ,
ಕಾಫಿ ತರಿಸಲಾ ಅಕ್ಕಾ, ಅಂದ.

ಇಂಚರಾಳಿಗೆ ಹೇಳಿದ್ದು ರಾತ್ರಿ, ದೋಸೆ ಹುಯ್ಯುತ್ತಾ,
ಬೆನ್ನು ಅವಳ ಕಡೆ ಮಾಡಿ.
ಕೂದಲು ಹೋಗುತ್ತಾ, ಅಂದಳು ಮೊದಲು.
ಹೋಗುತ್ತೆ.
ಮತ್ತೆ?
ಮತ್ತೆ ಗೊತ್ತಿಲ್ಲ ಕಣೆ, ಚಟ್ನಿ ಹಾಕ್ಕೋ.

ಇವತ್ತು ಮೊದಲನೆಯದು.
ಉದ್ದನೆ ವಾರ್ಡು, ಎರಡು ಸಾಲು ಕುರ್ಚಿ,
ಎಲ್ಲರೂ ಒಂದೇ ಕಡೆ ಮುಖ ಮಾಡಿ ಕೂತಿದ್ದಾರೆ.
ಸ್ಟ್ಯಾಂಡಿಂಗ್ ಯಾರೂ ಇಲ್ಲ.
ಸಿಸ್ಟರ್ ಲಿಡಿಯಾ ಮುಂಗೈ ತಟ್ಟಿ ತಟ್ಟಿ ನರ ಹುಡುಕಿದರು,
ಮೂರನೆ ಸಲಕ್ಕೆ ಸಿಕ್ಕಿತು.
ಔಷಧಿ ಕೆಂಪು,
ರಂಜಾನ್ ಸಂಜೆ ಶಿವಾಜಿನಗರದಲ್ಲಿ
ಲೋಟಕ್ಕೆ ಹುಯ್ಯುವ ಶರಬತ್ತಿನ ಕೆಂಪು.
ಹುಣ್ಣಾಗದಿರಲಿ, ಐಸ್ ಚೀಪ್ತಾ ಇರಿ ಅಂದರು. ಚೀಪಿದೆ.
ಸ್ವಲ್ಪ ಹೊತ್ತಿಗೆ ನಾಲಿಗೆಯ ಮೇಲೆ ನಾಣ್ಯದ ರುಚಿ.
ಗುರುತಿನ ರುಚಿಯೇ. ರಶ್ಶಿನಲ್ಲಿ ಎರಡೂ ಕೈಗೆ ಕೆಲಸವಿದ್ದಾಗ
ತುಟಿ ನಡುವೆ ಚಿಲ್ಲರೆ ಕಚ್ಚಿಕೊಂಡು
ಟಿಕೆಟ್ ಹರಿಯುತ್ತಿದ್ದೆನಲ್ಲ,
ಅದೇ.

ಆಗ ನೆನಪಾದಳು.
ಎಷ್ಟು ವರ್ಷವಾಯಿತೋ. ತಲೆಗೆ ಹಸಿರು ದುಪಟ್ಟಾ,
ಹುಬ್ಬಿಲ್ಲದ ಮುಖ, ಮಧ್ಯಾಹ್ನದ ಟ್ರಿಪ್ಪು,
ಡೈರಿ ಸರ್ಕಲ್ ದಾಟುವ ಮೊದಲೇ ವಾಂತಿ ಮಾಡಿಕೊಂಡಳು.
ಕಿಟಕಿ ಪಕ್ಕ ಕೂರೋಕಾಗಲ್ವೇನ್ರೀ ಅಂದಿದ್ದೆ,
ಇಡೀ ಬಸ್ಸಿಗೆ ಕೇಳುವಂತೆ.
ಕಿಟಕಿ ಪಕ್ಕ ಯಾರೂ ಬಿಟ್ಟಿರಲಿಲ್ಲ ಅವಳನ್ನು.
ದುಪಟ್ಟಾ ತೆಗೆದು ನೆಲ ಒರೆಸಿದಳು,
ಬೋಳುತಲೆಯಲ್ಲೇ ಸಿಂಗಸಂದ್ರದಲ್ಲಿ ಇಳಿದಳು.
ಎರಡು ರೂಪಾಯಿ ಬಾಕಿ ಇತ್ತು,
ಟಿಕೆಟಿನ ಹಿಂದೆ ಬರೆದುಕೊಟ್ಟಿದ್ದೆ.
ಕೇಳಲಿಲ್ಲ. ನಾನೂ ಕರೆಯಲಿಲ್ಲ.

ಐದಕ್ಕೆ ಸೂಜಿ ತೆಗೆದರು.
ಆಟೋ ಮಾಡೋಣಮ್ಮ ಅಂದಳು ಇಂಚರ.
ಬೇಡ ಅಂದೆ, ಯಾಕೋ.
ಬಂದದ್ದು ಅದೇ ಹೊಸ ಹುಡುಗಿಯ ಬಸ್ಸು.
ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಡುವಾಗ
ಕೈ ಮೇಲಿನ ಪ್ಲಾಸ್ಟರ್ ನೋಡಿದಳು, ಏನೂ ಕೇಳಲಿಲ್ಲ.
ಕಿಟಕಿ ಪಕ್ಕದ ಗಂಡಸಿನ ಭುಜಕ್ಕೆ ಟಿಕೆಟ್ ಮೆಷಿನ್ನಿನಿಂದ ತಿವಿದು
ಏಳ್ರೀ, ಲೇಡೀಸ್ ಸೀಟು, ಬೋರ್ಡು ಓದೋಕೆ ಬರಲ್ವಾ, ಅಂದಳು.
ನಾನೂ ಅಷ್ಟು ಗಟ್ಟಿಯಾಗಿ ಎಂದೂ ಕೂಗಿದವಳಲ್ಲ.

ಅದು ಲೇಡೀಸ್ ಸೀಟಾಗಿರಲಿಲ್ಲ.
ಕೂತೆ.